ಹಿಮದ ಮೇಲೆ ನನ್ನ ದನಿ

ಪುಟ್ಟೇನಹಳ್ಳಿ ಕೆರೆಯ ಹಕ್ಕಿಗಳಿಂದ ಶುರು ಮಾಡಿದ ನನ್ನ ಮಗಳು ಈಗ ಉತ್ತರ ಧ್ರುವ, ದಕ್ಷಿಣ ಧ್ರುವ ಅಂತ ಸಾಕ್ಷ್ಯಚಿತ್ರ ತೆಗೆಯುತ್ತಾಳೆ. ಹತ್ತು ವರ್ಷಕ್ಕೂ ಮೇಲಾಯಿತು. ಪ್ರತಿ ಸಲವೂ ಕೈಕಾಲಿನ ಬೆರಳುಗಳನ್ನು ನೆಟ್ಟಗೆ ಉಳಿಸಿಕೊಂಡು ಚಿಕ್ಕಲಸಂದ್ರದ ಮನೆಗೆ ಬಂದಿದ್ದಾಳೆ. ಅದಕ್ಕೆ ದೇವರಿಗೆ ಕೈಮುಗಿಯುತ್ತೇನೆ. ಆದರೆ ಹೋದ ತಿಂಗಳು ಅವಳು ಮಾಡಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಜಯನಗರದ ಒಂದು ಸಭಾಂಗಣದಲ್ಲಿ ಅವಳ ಹೊಸ ಚಿತ್ರ ತೋರಿಸಿದರು. ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದೆ. ಪರದೆಯ ತುಂಬ ಬರಿಯ ಹಿಮ. ಇದ್ದಕ್ಕಿದ್ದಂತೆ ಅದರ ಮೇಲೆ ನನ್ನದೇ ದನಿ: "ಬನಶಂಕರಿ ಗುಡೀಲಿ ನಿಂಬೆಹಣ್ಣಿನ ದೀಪ ಹಚ್ಚಿ, ನಿಮ್ಮ ಹಡಗಿನ ಇಂಜಿನ್ ಕೆಟ್ಟೋಗ್ಲಿ, ನೀನು ವಾಪಸ್ ಬರೋಹಂಗಾಗ್ಲಿ ಅಂತ ಬೇಡ್ಕೊಂಡ್ಬಿಟ್ಟೆ ಕಣೇ. ಅದ್ರಲ್ಲಿ ಬೇರೆಯವರ ಮಕ್ಕಳೂ ಇದ್ದಾರಲ್ವಾ? ತಪ್ಪಾಯ್ತು."

ಸಭೆ ಗೊಳ್ಳೆಂದು ನಕ್ಕಿತು.

ಹಡಗಿನ ಫೋನಿಗೆ ಅಳುತ್ತಾ ಹೇಳಿದ್ದ ಮಾತು ಅದು. ಗಂಡನಿಗೂ ಹೇಳಿರಲಿಲ್ಲ. ಕೇಡು ಬಯಸಿ ದೀಪ ಹಚ್ಚಿದೆನಲ್ಲ ಎಂದು ಆಮೇಲೆ ನಾಲ್ಕು ಮಂಗಳವಾರ ಒಪ್ಪೊತ್ತು ಇದ್ದೆ. ಅವಳು ಅದನ್ನು ರೆಕಾರ್ಡ್ ಮಾಡಿಕೊಂಡದ್ದೇ ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹುಡುಗಿ, "ಸೋ ಸ್ವೀಟ್ ಆಂಟಿ, ನಿಮ್ದೇನಾ ವಾಯ್ಸು?" ಎಂದಳು.

ಮನೆಗೆ ಬರುವ ಆಟೋದಲ್ಲಿ ಮಗಳು ಹಿಗ್ಗಿ ಹೀರೇಕಾಯಿ ಆಗಿದ್ದಳು. "ಅಮ್ಮ, ಎಲ್ರಿಗೂ ನಿನ್ನ ಭಾಗಾನೇ ಸಖತ್ ಇಷ್ಟ ಆಯ್ತು!"

"ಅದನ್ನ ತೆಗೆದುಬಿಡು."

"ಅಯ್ಯೋ, ಫಿಲ್ಮ್ ಮುಗ್ದಿದೆ. ಮುಂದಿನ ವಾರ ಹೊರದೇಶಕ್ಕೆ ಕಳಿಸ್ಬೇಕು. ಅಲ್ಲಿ ನಿನ್ನ ಗುರುತು ಯಾರಿಗಿದೆ?"

"ದೇವರಿಗಿದೆ. ಮರಿ ಜೊತೆಗಿರೋ ಕರಡಿ ಬೆದರ್ಬಾರ್ದು ಅಂತ ಮೂರು ದಿನ ದೂರದಲ್ಲೇ ಕಾದೆ ಅಂತ ಸ್ಟೇಜ್ ಮೇಲೆ ಹೇಳ್ದೆಯಲ್ಲ? ಹೆತ್ತೋಳ್ನ ಒಂದ್ಮಾತು ಕೇಳಕ್ಕೆ ನಿಂಗೆ ಮೂರು ನಿಮಿಷ ಸಿಗ್ಲಿಲ್ವಾ?"

ಆಟೋದವನು ಕನ್ನಡಿಯಲ್ಲಿ ನಮ್ಮನ್ನು ನೋಡಿದ. ನೋಡಲಿ. ಮುನ್ನೂರು ಜನ ಕೇಳಿಯಾಗಿತ್ತು, ಇವನೊಬ್ಬ ಯಾವ ಲೆಕ್ಕ.

ಮರುದಿನ ಬೆಳಿಗ್ಗೆ ಅಷ್ಟು ಕೋಪ ಇಟ್ಟುಕೊಂಡು ದೇವರಿಗೆ ಹೂ ಏರಿಸಲು ಮನಸ್ಸು ಬರಲಿಲ್ಲ. ನೇರ ಅವಳ ಕೋಣೆಗೆ ಹೋಗಿ, ಕುರ್ಚಿಯ ಹಿಂದೆ ನಿಂತು, "ನನ್ನೆದುರಿಗೇ ತೆಗಿ" ಎಂದೆ. ಮುಖ ಊದಿಸಿಕೊಂಡೇ ಕಂಪ್ಯೂಟರ್ ತೆರೆದಳು. ನಾನು ಬೇಡಿಕೊಂಡದ್ದು ಹೋಯಿತು, ತಪ್ಪೊಪ್ಪಿಕೊಂಡದ್ದು ಹೋಯಿತು.

"ಈಗಿಲ್ಲಿ ಬರೀ ಗಾಳಿ ಸದ್ದು."

"ಇರ್ಲಿ."

"ಕೊನೇಲಿ 'ಸಾಕ್ಸ್ ಒದ್ದೆ ಆದ್ರೆ ಬದಲಾಯಿಸ್ಕೋ' ಅಂದಿದ್ದೀಯ. ಅದೊಂದನ್ನ ಇಟ್ಕೊಳ್ಲಾ ಅಮ್ಮ?"

ಅಂತೂ ಕೇಳಿದಳು. ಅಷ್ಟಾದರೂ ಆಯಿತಲ್ಲ, ನನ್ನ ಪುಣ್ಯ.

"ಬೇಡ" ಎಂದೆ.

ಅದನ್ನೂ ಅಳಿಸಿದಳು.