ಮಠಕ್ಕೆ ಹೋಗದ ಗಡಿಯಾರ

ಆ ಗಡಿಯಾರದ ಮುಖ ಮುರಿದವಳು ನಾನು. ಇಮಾಮಸಾಬರಲ್ಲ. ಬೆಕ್ಕಲ್ಲ, ಗಾಳಿಯಲ್ಲ, ಹಣೆಬರಹವೂ ಅಲ್ಲ — ನಾನು, ಈ ಎರಡು ಕೈಗಳಿಂದ, ಗೊತ್ತಿದ್ದೇ ಮುರಿದೆ. ಮುರಿದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಅಳುತ್ತಾಳೇನೋ ಎಂದು ಯಾರೂ ಕಾಯುವುದು ಬೇಡ. ಪಶ್ಚಾತ್ತಾಪ ಬೇರೆ ಒಂದಕ್ಕೆ ಇದೆ. ಅದನ್ನೂ ಹೇಳುತ್ತೇನೆ.

ಮೊನ್ನೆ ಮಧ್ಯಾಹ್ನ ವರ್ಷದ ಖಾರಕ್ಕೆ ತಂದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದೆ. ಫೋನು ಬಂತು. ಕೈಯೆಲ್ಲ ಖಾರ, ಸೆರಗಿನ ತುದಿಯಿಂದ ಒತ್ತಿ, ಕಿವಿಗೆ ಹಚ್ಚದೆ ದೊಡ್ಡ ದನಿಗೆ ಇಟ್ಟೆ. ದೊಡವಾಡದಿಂದ ಹಾಜರಾಬಿ — ಇಮಾಮಸಾಬರ ಹೆಂಡತಿ. ಇಮಾಮಸಾಬರೆಂದರೆ ನಮ್ಮ ಮನೆಯವರ ಜೀವದ ಗೆಳೆಯ; ಒಂದು ಕಾಲಕ್ಕೆ. ಎರಡೂ ಮನೆಗಳ ನಡುವೆ ಮಾತು ನಿಂತು ವರ್ಷಗಳಾಗಿದ್ದವು.

"ಗಂಗಕ್ಕಾ, ಹೇಳಬ್ಯಾಡ ಅಂದಾರ ನಮ್ಮವ್ರು, ಆದ್ರೂ ಹೇಳತೇನಿ. ಬೆರಳು ಕೊಯ್ಕೊಂಡಾರ. ಧಾರವಾಡಕ್ಕ ಹೋಗಿ ಹೊಲಿಗಿ ಹಾಕಿಸ್ಕೊಂಡು ಬಂದೇವಿ."

"ಅಯ್ಯ ಶಿವನ! ಯಾವುದರಾಗ ಕೊಯ್ಕೊಂಡ್ರವಾ?"

"ನಿಮ್ಮ ಮನಿಯಾಗ ಇತ್ತಲ್ಲ, ಅಂಥಾದ ಮಷೀನು. ನಮ್ಮ ಅಳಿಯನ ಫರ್ನಿಚರ್ ಅಂಗಡ್ಯಾಗ ಐತಿ. ದಿನಾ ಅದರ ಮುಂದ ಕುಂಡ್ರಾಕ ಹತ್ತಿದ್ರು. ಈರಣ್ಣನ ಗಡಿಯಾರದ ನವಿಲು ನಾ ಮುರದೇನಿ, ನಾನ ಮತ್ತ ಕೊಯ್ದು ಕೊಡತೇನಿ ಅಂತ. ಈ ವಯಸ್ಸಿನ್ಯಾಗ, ಆ ಕೈಯಾಗ! ನೀನರ ಒಂದ ಮಾತು ಬ್ಯಾಡ ಅಂತ ಹೇಳ ಅಕ್ಕಾ. ನಿನ್ನ ಮಾತು ಕೇಳತಾರ."

ನನ್ನ ಮಾತು. ಕೇಳುತ್ತಾರಂತೆ.

ಈ ಈರಣ್ಣನೇ ನಮ್ಮ ಮನೆಯವರು, ಜೀವನವಿಡೀ ಬಾಗಿಲು, ಕಿಡಕಿ ಮಾಡಿದ ಬಡಿಗರು. ಬೈಲಹೊಂಗಲದ ಎಷ್ಟೋ ಹೊಸ್ತಿಲು ಅವರ ಕೈಯಿಂದ ಬಂದದ್ದು. ಮೊಣಕಾಲು ಸೋತ ಮೇಲೆ ಮನೆಯಲ್ಲಿ ಕುಳಿತರು. ಕುಳಿತವರು ಕುಳಿತಲ್ಲೇ ಒಣಗಿಹೋಗುತ್ತಾರೆಂದು ಇಮಾಮಸಾಬರು ಬೆಳಗಾವಿಯಿಂದ ತಮ್ಮ ಟೆಂಪೋದಲ್ಲಿ ಒಂದು ಮಷೀನು ತಂದು ಹಿತ್ತಲಿನ ಕೊಟ್ಟಿಗೆಯಲ್ಲಿಳಿಸಿದರು. ಸ್ಕ್ರಾಲ್ ಸಾ ಎಂದು ಹೆಸರಂತೆ. ನಮ್ಮಲ್ಲಿ ಅದು ಜಾಳಿಗಿ ಮಷೀನು. ದಾರದಷ್ಟು ತೆಳ್ಳಗಿನ ಗರಗಸ, ಹೊಲಿಗೆ ಮಷೀನಿನ ಸೂಜಿಯಂತೆ ಮೇಲೆ ಕೆಳಗೆ ಆಡುತ್ತದೆ. ತೇಗದ ಹಲಗೆಗೆ ಚಿತ್ರದ ಕಾಗದ ಅಂಟಿಸಬೇಕು. ತೆಗೆಯಬೇಕಾದ ಒಂದೊಂದು ಜಾಗಕ್ಕೂ ಸಣ್ಣ ತೂತು ಕೊರೆದು, ಗರಗಸ ಬಿಚ್ಚಿ, ತೂತಿನಲ್ಲಿ ಪೋಣಿಸಿ, ಮತ್ತೆ ಬಿಗಿದು, ಕೊಯ್ದು, ಮತ್ತೆ ಬಿಚ್ಚಬೇಕು. ಒಳಗಿನದೆಲ್ಲ ಮುಗಿದ ಮೇಲೆ ಹೊರಗಿನ ಗೆರೆ. ಮೊದಲೇ ಹೊರಗಿನದನ್ನು ಕೊಯ್ದರೆ ಹಿಡಿಯಲು ಏನೂ ಉಳಿಯುವುದಿಲ್ಲ. ಕೌದಿ ಹೊಲಿದ ನನಗೆ ಆ ತಾಳ್ಮೆ ಗೊತ್ತಿತ್ತು. ಇಷ್ಟಪಟ್ಟೇ ನೋಡುತ್ತಿದ್ದೆ — ಮೊದಮೊದಲು.

ಇಮಾಮಸಾಬರು ಬೈಲಹೊಂಗಲ-ದೊಡವಾಡ ನಡುವೆ ಮಂದಿಯನ್ನು ಹೇರಿಕೊಂಡು ಓಡಾಡುತ್ತಿದ್ದರು. ನಡುವೆ ಬಿಡುವಾದಾಗ ಬಂದು ಕೊಟ್ಟಿಗೆಯ ಬಾಗಿಲಲ್ಲಿ ಕೂರುವುದು, ನನ್ನನ್ನು ಕಾಡುವುದು.

"ವೈನಿ, ನಿಮ್ಮ ಗಂಡ ಎರಡನೇ ಲಗ್ನ ಆಗ್ಯಾನ ನೋಡ್ರಿ. ನನಗ ಬರೇ ಸಾಕ್ಷಿ ಮಾಡ್ಯಾನ."

"ಆಗವಲ್ಲರ್ಯಾಕ. ರೊಟ್ಟಿನೂ ಅಕಿ ಕಡೇನ ಬಡಿಸ್ಕೊಳ್ಳಲಿ."

ನಮ್ಮವರು ಹುಟ್ಟಿದ್ದು ಮುನವಳ್ಳಿ. ನವಿಲುತೀರ್ಥದ ಅಣೆಕಟ್ಟೆಯ ಕೆಳಗೆ ಆಡಿ ಬೆಳೆದವರು. ಗಡಿಯಾರವೆಂದ ಕೂಡಲೇ ನವಿಲೇ ಬಂತು. ಮಂಟಪದಂಥ ದೊಡ್ಡ ಗಡಿಯಾರ. ಅದರ ಮುಖದ ಸುತ್ತ ಬಳ್ಳಿ, ಬಳ್ಳಿಯ ನಡುವೆ ಒಂದರ ಕುತ್ತಿಗೆಗೆ ಇನ್ನೊಂದು ಹೊಂದಿಕೊಂಡ ನವಿಲುಗಳ ಬಳೆ. ಮಠದ ಪ್ರಸಾದದ ಪಡಸಾಲೆಗೆ ಕೊಡುತ್ತೇನೆಂದು ಹರಕೆ ಹೊತ್ತರು. "ನನ್ನ ಕೈಯಾಂದು ಕಡೇ ಕೆಲಸ" ಎಂದು ಊರ ತುಂಬ ಹೇಳಿದರು. ಕಡೆಯದು ಎಂಬ ಮಾತು ನನಗೆ ಸೇರಲಿಲ್ಲ.

ಸೇರಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಇವರಿಗೆ ದಮ್ಮು ಹತ್ತಿತ್ತು. ತೇಗದ ಪುಡಿ ಜೋಳದ ಹಿಟ್ಟಿನಷ್ಟು ನುಣುಪು. ಹುಬ್ಬಿನ ಮೇಲೆ, ಮೂಗಿನಲ್ಲಿ, ಊಟದ ತಾಟಿನಲ್ಲಿ. ಮಲಗಲಾಗದೆ ಗೋಡೆಗೆ ಆತು ಕುಳಿತೇ ನಿದ್ದೆ ಮಾಡುತ್ತಿದ್ದರು. ಡಾಕ್ಟರು ನನ್ನ ಎದುರಿಗೇ ಹೇಳಿದರು — ಈ ಧೂಳು ಬಿಡದಿದ್ದರೆ ನನ್ನ ಔಷಧ ದಂಡ ಎಂದು. ಇವರು ಮೂಗಿಗೆ ಟವೆಲು ಸುತ್ತಿಕೊಂಡು ಮತ್ತೆ ಹೋಗಿ ಕುಳಿತರು. ಕಾಲು ಹಿಡಿದೆ. ಮಾತು ಬಿಟ್ಟೆ. ಊಟ ಬಿಟ್ಟೆ.

"ಶಿವನ ಕೆಲಸಕ್ಕ ಕುಂತೇನಿ. ಶಿವಾ ನೋಡ್ಕೋತಾನ" ಎಂದರು.

ನಾನು ದಿನಾ ಪೂಜೆ ಮಾಡುವವಳು. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಹೇಳುತ್ತೇನೆ — ಶಿವನಿಗೆ ಗಡಿಯಾರ ಬೇಕಿರಲಿಲ್ಲ. ನನಗೆ ಈ ಮನುಷ್ಯ ಬೇಕಿತ್ತು. ಇದರಲ್ಲಿ ಯಾರ ಭಕ್ತಿ ಕಡಿಮೆ ಎಂದು ಅಳೆಯುವವರು ಅಳೆದುಕೊಳ್ಳಲಿ.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ನಮ್ಮವರು ಆ ಸೂಟಿಯನ್ನು ಮಷೀನಿಗೂ ಕೊಟ್ಟಿದ್ದರು. ಮೈ ಒರೆಸಿ, ವಿಭೂತಿ ಹಚ್ಚಿ, ಹೂವು ಏರಿಸಿದರೆ ಮುಗಿಯಿತು, ಮಂಗಳವಾರದ ತನಕ ಕೊಟ್ಟಿಗೆಗೆ ಕಾಲಿಡುತ್ತಿರಲಿಲ್ಲ. ಕಸ ಹೊಡೆಯಲು ಅದೊಂದೇ ದಿನ ನನ್ನದು. ಆ ಸೋಮವಾರ ಗಡಿಯಾರದ ಮುಖ ಕೊಯ್ದು ಮುಗಿದು ಬಿಳಿ ಪಂಚೆಯ ಕೆಳಗೆ ಮಲಗಿತ್ತು. ಇನ್ನು ಮಂಟಪದ ಕೆಲಸ — ಅಂದರೆ ಇನ್ನೂ ಅಷ್ಟೇ ತಿಂಗಳು, ಅಷ್ಟೇ ಧೂಳು.

ಹಿಂದಿನ ದಿನ ಅವರೇ ತೋರಿಸಿದ್ದರು: "ಇಲ್ಲೊಂದು ಹಿಡೀಬ್ಯಾಡ. ಈ ನವಿಲಿನ ಕುತ್ತಿಗ್ಯಾಗ ಕಟಗಿ ಎಳಿ ಅಡ್ಡ ಬಂದೈತಿ. ಒತ್ತಿದ್ರ ಹೋತು."

ಎರಡು ಹೆಬ್ಬೆರಳು ಸರಿಯಾಗಿ ಅಲ್ಲೇ ಇಟ್ಟೆ. ಹಪ್ಪಳ ಮುರಿದಷ್ಟು ಸಪ್ಪಳ. ಒಂದೇ ಸಾಲಲಿಲ್ಲ — ಪಕ್ಕದ ಎರಡು ಕುತ್ತಿಗೆಗಳನ್ನೂ... ಹೌದು, ಅವನ್ನೂ.

ಅಂಟು ಹಚ್ಚಿ ಕೂಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬೇರೆಯವರಾದರೆ ಕೂಡಿಸುತ್ತಿದ್ದರು. ಭಿನ್ನವಾದದ್ದನ್ನು ದೇವರಿಗೆ ಕೊಡಬಾರದು ಎಂಬುದು ನಮ್ಮವರಿಗೆ ರಕ್ತದಲ್ಲೇ ಬಂದ ಮಾತು. ಒಡಕು ತೆಂಗಿನಕಾಯನ್ನೂ ಗುಡಿಗೆ ಒಯ್ಯುವವರಲ್ಲ. ಒಮ್ಮೆ ಭಿನ್ನವಾದರೆ ಅಂಟಿಸುವುದಿಲ್ಲ, ಮೊದಲಿನಿಂದ ಮಾಡುವ ಎದೆಯೂ ಉಳಿಯುವುದಿಲ್ಲ — ಇದನ್ನು ಲೆಕ್ಕ ಹಾಕಿಯೇ ಮುರಿದೆ. ಚೂರುಗಳನ್ನು ಗೆರೆ ಕಾಣದಂತೆ ಕೂಡಿಸಿಟ್ಟು ಪಂಚೆ ಹೊದಿಸಿದೆ. ಮರುದಿನ ಅವರೇ ಎತ್ತುತ್ತಾರೆ, ಕೈಯಲ್ಲಿ ಬಿಚ್ಚಿಕೊಳ್ಳುತ್ತದೆ, ಕಟ್ಟಿಗೆಯೇ ಹಾಗಿತ್ತು ಎಂದುಕೊಳ್ಳುತ್ತಾರೆ. ಅಷ್ಟೇ ಎಂದಿದ್ದೆ.

ಮಂಗಳವಾರ ಇವರು ಪೂಜೆಗೆ ಕುಳಿತಾಗಲೇ ಇಮಾಮಸಾಬರು ಬಂದರು. "ಮುಖ ಮುಗದೈತಂತಲ್ಲ ವೈನಿ, ಒಂಚೂರು ಕಣ್ಣಿಲೆ ನೋಡ್ತೇನಿ" ಎಂದು ಹಿತ್ತಲಿಗೆ ನಡೆದರು. ತಡೆಯಬಹುದಿತ್ತು. ಒಲೆಯ ಮೇಲೆ ಚಹಾ ಇತ್ತು... ಚಹಾ ಇದ್ದರೇನು, ಬಾಯಿ ಇರಲಿಲ್ಲವೇ ನನಗೆ?

"ಯಾ ಅಲ್ಲಾ!" ಎಂಬ ಕೂಗು ಕೇಳಿತು.

ನಮ್ಮವರು ಹಣೆಯ ವಿಭೂತಿ ಹಸಿ ಇರುವಾಗಲೇ ಓಡಿದರು. ನಾನು ಚಹಾದ ಕಪ್ಪು-ಬಸಿಗಳನ್ನು ಹಿಡಿದುಕೊಂಡು ಹಿಂದೆ ಹೋದೆ. ಇಮಾಮಸಾಬರ ಎರಡು ಕೈಯಲ್ಲಿ ಎರಡು ತುಂಡು, ಕಾಲ ಬಳಿ ಒಂದಿಷ್ಟು.

"ಎತ್ತೇನಷ್ಟ, ಈರಣ್ಣಾ. ಖರೇ ಹೇಳತೇನಿ, ಬರೇ ಎತ್ತೇನಿ..."

"ನಡುಗೋ ಕೈ ತಗೊಂಡು ಯಾಕ ಮುಟ್ಟಿದಿ? ಸ್ಟೇರಿಂಗ್ ತಿರುವೂದೊಂದ ಬಿಟ್ರ ಏನ್ ತಿಳೀತದ ನಿನ್ನ ಕೈಗೆ? ಹೋಗ್ ಹೊರಗ!"

ಇಮಾಮಸಾಬರು ತುಂಡುಗಳನ್ನು ಕೆಳಗಿಟ್ಟು ತಮ್ಮ ಕೈಗಳನ್ನು ಹಿಂದು ಮುಂದು ತಿರುವಿ ನೋಡಿಕೊಂಡರು. ಆಮೇಲೆ ನನ್ನ ಕಡೆ ನೋಡಿದರು — ಒಂದು ಮಾತು ಹೇಳಲಿ ಎಂಬಂತೆ. ನಾನು ಚಹಾ ಹಿಡಿದು ನಿಂತೇ ಇದ್ದೆ. ನಿಜ ಹೊರಬಿದ್ದರೆ ಇವರು ಹಟಕ್ಕೆ ಬಿದ್ದು ಮತ್ತೆ ಮಷೀನಿಗೆ ಕೂರುತ್ತಾರೆ ಎಂಬ ಭಯ. ಅದು ಕಾರಣ. ಅದಕ್ಕಿಂತ ದೊಡ್ಡದು ಬೇರೆ ಇತ್ತು: ಇನ್ನೊಬ್ಬರ ಮೇಲೆ ಬಂತಲ್ಲ, ನಾನು ಪಾರಾದೆನಲ್ಲ ಎಂಬ... ಅದಕ್ಕೆ ಒಳ್ಳೆಯ ಹೆಸರಿಲ್ಲ.

ಮಷೀನಿಗೆ ಗೋಣಿಚೀಲ ಬಿತ್ತು. ಇವರ ಉಸಿರು ನಿಧಾನಕ್ಕೆ ತಿರುಗಿ ಬಂತು. ಈಗ ಅಂಗಾತ ಮಲಗಿ ನಿದ್ದೆ ಮಾಡುತ್ತಾರೆ. ಮೊಣಕಾಲು ಹಿಡಿದುಕೊಂಡಾದರೂ ಮಾಳಿಗೆ ಹತ್ತಿ ನನ್ನ ಸಂಡಿಗೆ ಕಾಯುತ್ತಾರೆ. ಜಳಕ ಮಾಡುತ್ತ ಹಾಡುತ್ತಾರೆ, ಉಸಿರಿಗೆಂದು ನಡುವೆ ನಿಲ್ಲಿಸದೆ ನನ್ನನ್ನು ಬೈಯುತ್ತಾರೆ. ಒಂದೊಂದನ್ನೂ ಪೂಜೆಯಲ್ಲಿ ನೆನೆದು ಕೈಮುಗಿದಿದ್ದೇನೆ. ಇವೆಲ್ಲ ಪುಕ್ಕಟೆ ಸಿಕ್ಕವೆಂದುಕೊಂಡಿದ್ದೆ — ಮೊನ್ನೆ ಹಾಜರಾಬಿ ಫೋನು ಇಡುವ ಮುನ್ನ ಇನ್ನೊಂದು ಮಾತು ಹೇಳುವವರೆಗೆ.

"ಅವತ್ತ ನಿಮ್ಮ ಮನಿಯಿಂದ ಬಂದಾವರ ಗಾಡಿ ಕೀಲಿ ಗೂಟಕ್ಕ ಹಾಕಿಬಿಟ್ರು. ಕೈ ಸುಳ್ಳಾದುವು ಹಾಜರಾ, ಮಂದೀನ ಕೂಡ್ರಿಸ್ಕೊಂಡು ಹೆಂಗ ಹೊಡೀಲಿ ಅಂದ್ರು. ಮತ್ತ ಸ್ಟೇರಿಂಗ್ ಹಿಡಿಲೇ ಇಲ್ಲ. ಮಾರಿದ್ರು."

ವಯಸ್ಸಾಯಿತು, ಬಿಟ್ಟರು ಎಂದೇ ನಾನು ತಿಳಿದಿದ್ದೆ. ಖಾರದ ಕೈಯನ್ನು ತೊಳೆದುಕೊಂಡು ಮನೆಮುಂದಿನ ಕಟ್ಟೆಗೆ ಹೋದೆ. ಇವರು ಪೇಪರು ಓದುತ್ತಿದ್ದರು. ಇಮಾಮಸಾಬರ ಬೆರಳಿನ ಸುದ್ದಿ ಹೇಳಿದೆ. ಅದೇ ಉಸಿರಿನಲ್ಲಿ ಉಳಿದದ್ದನ್ನೂ ಹೇಳಿದೆ.

"ನವಿಲು ಮುರದಾಕಿ ನಾನ. ಸೋಮವಾರ ಮುರದು ಕೂಡಿಸಿಟ್ಟಿದ್ದೆ. ಅವರು ಬರೇ ಎತ್ತಿದ್ರು."

ಪೇಪರಿನಿಂದ ಕಣ್ಣೆತ್ತಿದರು. "ಮಠಕ್ಕ ಬೇಡಿಕೊಂಡದ್ದು ಅಂತ ಗೊತ್ತಿತ್ತು ನಿನಗ."

"ಗೊತ್ತಿತ್ತು. ಅದಕ್ಕ ಮುರದೆ. ಇವತ್ತ ನೀವು ಆ ಮಷೀನಿಗೆ ಕುಂತ್ರ ಮತ್ತ ಮುರೀತೇನಿ. ಮಠಕ್ಕ ನಾ ಉತ್ತರ ಕೊಡತೇನಿ, ಶಿವಗೂ ಕೊಡತೇನಿ. ಅದಕ್ಕ ಬೈರಿ, ಬಿಡ್ರಿ, ನಿಮ್ಮ ಖುಷಿ."

"ಅದಕ್ಕಲ್ಲಲೇ." ಪೇಪರು ಮಡಿಸಿದರು. "ಇಮಾಮಗ ನಾ ಏನೇನ್ ಅಂದೆ... ಚಾ ಹಿಡಕೊಂಡು ನೀ ಅಲ್ಲೇ ನಿಂತಿದ್ದಿ."

ಹೌದು, ಅಲ್ಲೇ ನಿಂತಿದ್ದೆ.

ಮರುದಿನ ಬೆಳಿಗ್ಗೆ ದೊಡವಾಡದ ಬಸ್ಸು ಹಿಡಿದೆವು. ಒಂದೇ ಸೀಟಿನಲ್ಲಿ ಕುಳಿತರೂ ಇವರು ದಾರಿಯುದ್ದಕ್ಕೂ ಕಿಡಕಿಯ ಹೊರಗೇ ನೋಡಿದರು. ಇಮಾಮಸಾಬರು ಅಂಗಳದಲ್ಲಿ ಹೊರಸಿನ ಮೇಲೆ ಕುಳಿತಿದ್ದರು, ಬಲಗೈಗೆ ಬಿಳಿ ಪಟ್ಟಿ. ನಮ್ಮನ್ನು ಕಂಡು ಏಳಲು ಹೋದರು. ನಾನು ಕೂರಲಿಲ್ಲ. ಹಾಜರಾಬಿಯ ಎದುರಿಗೇ, ನಿಂತೇ, ಎಲ್ಲ ಹೇಳಿದೆ. ಕ್ಷಮಿಸಿರಿ ಎಂದು ಕೇಳಲಿಲ್ಲ. ಕೇಳಿದರೆ ಕೊಟ್ಟುಬಿಡುವ ಮನುಷ್ಯ ಅವರು. ಅಷ್ಟು ಅಗ್ಗಕ್ಕೆ ನನಗದು ಬೇಡವಾಗಿತ್ತು.

ಹಾಜರಾಬಿ ಎದ್ದು ಒಳಗೆ ಹೋದಳು. ನನಗಾಗಿ ಚಹಾ ತರಲಿಲ್ಲ, ತರಬಾರದಿತ್ತು ಕೂಡ. ನಮ್ಮವರು ಹೊರಸಿನ ತುದಿಗೆ ಕುಳಿತು ಗೆಳೆಯನ ಮೊಣಕಾಲ ಮೇಲೆ ಕೈ ಇಟ್ಟರು. ಇಮಾಮಸಾಬರು ಅವರತ್ತ ನೋಡಲಿಲ್ಲ. ಪಟ್ಟಿಯಿಲ್ಲದ ಎಡಗೈಯನ್ನು ಮುಂದೆ ಚಾಚಿ ಹಿಡಿದರು. ಅದು ನಡುಗುತ್ತಿತ್ತು — ಈಗ ನಿಜವಾಗಿಯೂ ನಡುಗುತ್ತಿತ್ತು.

"ಅಂದ್ರ ವೈನಿ," ಎಂದರು, "ಅವತ್ತ ನನ್ನ ಕೈ ಬರೊಬ್ಬರಿ ಇತ್ತು?"

"ಬರೊಬ್ಬರಿ ಇತ್ತರಿ."

"ಬರೊಬ್ಬರಿ ಇತ್ತು" ಎಂದು ತಮಗೆ ತಾವೇ ಹೇಳಿಕೊಂಡರು.

ನಮ್ಮವರು ಅಲ್ಲೇ ಉಳಿದರು; ಬಾ ಎಂದು ನಾನು ಕರೆಯಲಿಲ್ಲ. ಒಬ್ಬಳೇ ಬಸ್ಸು ಹತ್ತಿ ಬಂದೆ. ಗಂಡನ ಉಸಿರು ಉಳಿಸಿದ್ದನ್ನು ಈಗಲೂ ತಪ್ಪೆನ್ನಲಾರೆ, ಯಾರು ಕೇಳಿದರೂ ಅನ್ನಲಾರೆ. ಅದಕ್ಕೆ ಇನ್ನೊಬ್ಬರ ಕೈಗಳನ್ನು ಕೊಟ್ಟೆ. ಕೊಡಲು ಅವು ನನ್ನವಾಗಿರಲಿಲ್ಲ.

ಮನೆಯ ಕೀಲಿ ತೆಗೆಯುವಷ್ಟರಲ್ಲಿ ನಳಕ್ಕೆ ನೀರು ಬಂತೆಂದು ಓಣಿಯಲ್ಲಿ ಕೂಗು ಎದ್ದಿತು. ಸೆರಗು ಸಿಕ್ಕಿಸಿ ಕೊಡಗಳನ್ನು ಬೆಳಗಲು ಕುಳಿತೆ.