ಮಾರ್ಸೆಲಾಗೆ ನಾನು ಹೇಳಿದ ಸುಳ್ಳು

೨೦೧೦ರ ಫೆಬ್ರವರಿಯ ಕೊನೆಯ ಶನಿವಾರ. ಆಗ ನಾವು ಅಬುಧಾಬಿಯ ಖಾಲಿದಿಯಾದಲ್ಲಿ ಒಂದು ಹಳೆಯ ಕಟ್ಟಡದ ಆರನೇ ಮಹಡಿಯಲ್ಲಿದ್ದೆವು. ನಾನು ಹಲ್ಲಿನ ಕ್ಲಿನಿಕ್ ಒಂದರಲ್ಲಿ ರಿಸೆಪ್ಶನಿಸ್ಟ್ ಆಗಿದ್ದೆ. ಶನಿವಾರ ನನಗೆ ರಜೆ. ನನ್ನ ಗಂಡ ಫೆಲಿಕ್ಸ್ ಹೋಟೆಲಿನ ಡ್ಯೂಟಿಗೆ ಹೋಗಿದ್ದರು. ಮಧ್ಯಾಹ್ನದ ಅಡುಗೆಗೆಂದು ಬಂಗುಡೆ ತೊಳೆಯುತ್ತಿದ್ದಾಗ ಯಾರೋ ಬಾಗಿಲು ಬಡಿದರು. ಬೆಲ್ ಇದ್ದರೂ ಅದನ್ನು ಒತ್ತದೆ ಅಂಗೈಯಿಂದ ಬಡಿಯುತ್ತಿದ್ದರು.

ತೆರೆದರೆ ಎದುರು ಫ್ಲ್ಯಾಟಿನ ಮಾರ್ಸೆಲಾ. ಏಳು ತಿಂಗಳ ಬಸುರಿ, ಬರಿಗಾಲಲ್ಲಿ ನಿಂತಿದ್ದಳು.

"ಸಿಲ್ವಿ, ಚಿಲಿಯಲ್ಲಿ ಭೂಕಂಪ. ದೊಡ್ಡದು. ಅಮ್ಮ ಫೋನ್ ಎತ್ತುತ್ತಿಲ್ಲ."

ಮಾರ್ಸೆಲಾ ದಕ್ಷಿಣ ಅಮೆರಿಕದ ಚಿಲಿ ದೇಶದವಳು. ಅವಳ ಗಂಡ ರೊಡ್ರಿಗೊ ಅಲ್ಲಿಂದ ಬಹಳ ದೂರದ ರುವೈಸ್‌ನ ತೈಲ ರಿಫೈನರಿಯಲ್ಲಿ ಎಂಜಿನಿಯರ್. ಹೆರಿಗೆಗೆ ದೊಡ್ಡ ಆಸ್ಪತ್ರೆ ಹತ್ತಿರವಿರಲಿ ಎಂದು ಅವಳನ್ನು ಇಲ್ಲಿ ಇರಿಸಿ, ಅವನು ವಾರಕ್ಕೊಮ್ಮೆ ಬರುತ್ತಿದ್ದ. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಮ್ಮ ಗೆಳೆತನ ಶುರುವಾದದ್ದೇ ಪದಗಳಿಂದ. ಮೇಜಿಗೆ ಅವಳು ಮೆಸಾ ಅನ್ನುತ್ತಿದ್ದಳು, ಅಂಗಿಗೆ ಕಮಿಸಾ. ಪೋರ್ಚುಗೀಸರಿಂದ ಬಂದ ಇಂಥವೇ ಪದಗಳು ಕೊಂಕಣಿಯಲ್ಲೂ ಇವೆ; ಮನೆಯಲ್ಲಿ ಕೊಂಕಣಿ ಮಾತಾಡುವ ನನಗೆ ಇವು ಅಪರಿಚಿತ ಅನಿಸಲೇ ಇಲ್ಲ. ಅವಳ ದೇಶ ಒಂದು ಉದ್ದನೆಯ ಪಟ್ಟಿಯಂತೆ, ಒಂದು ಕಡೆ ಕಡಲು, ಇನ್ನೊಂದು ಕಡೆ ಹಿಮದ ಬೆಟ್ಟಗಳ ಸಾಲು ಎಂದು ಒಮ್ಮೆ ಕಾಗದದ ಮೇಲೆ ಬರೆದು ತೋರಿಸಿದ್ದಳು. ಹಿಮ ಒಂದನ್ನು ಬಿಟ್ಟರೆ ನಮ್ಮ ಕರಾವಳಿಯೂ ಹಾಗೇ ಎಂದು ನಾನು ನಕ್ಕಿದ್ದೆ.

ಅವಳ ತಾಯಿ ದಿಚಾತೊ ಎಂಬ ಮೀನುಗಾರರ ಊರಿನಲ್ಲಿ, ಕಡಲಿಗೆ ಮುಖ ಮಾಡಿದ ಮನೆಯಲ್ಲಿ ಒಬ್ಬರೇ ಇದ್ದರು. ಅಲ್ಲಿ ಭೂಕಂಪ ಆದಾಗ ಬೆಳಗಿನ ಜಾವ, ನಮಗೆ ಬೆಳಿಗ್ಗೆ ಹತ್ತೂವರೆ.

ಅವಳನ್ನು ಒಳಗೆ ಕರೆದು ಕೂರಿಸಿದೆ. ಅವಳು ಫೋನಿನ ಗುಂಡಿ ಒತ್ತುತ್ತಲೇ ಇದ್ದಳು. ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯವರು, ಚರ್ಚಿನ ಪಾದ್ರಿ, ಯಾರ ನಂಬರೂ ಹೋಗುತ್ತಿರಲಿಲ್ಲ. ರಿಫೈನರಿಯ ಒಳಗೆ ಮೊಬೈಲ್ ಒಯ್ಯುವಂತಿಲ್ಲವಾದ್ದರಿಂದ ರೊಡ್ರಿಗೊ ಕೂಡ ಸಿಗಲಿಲ್ಲ. ಅವನ ಆಫೀಸಿಗೆ ಫೋನ್ ಮಾಡಿ ನಾನೇ ವಿಷಯ ತಿಳಿಸಿದೆ. ಅವನು ಹೊರಟು ಬರಲು ಏನಿಲ್ಲವೆಂದರೂ ನಾಲ್ಕು ಗಂಟೆ ಬೇಕಿತ್ತು.

"ನೆಲ ನಡುಗಿದರೆ ನಮಗೆ ಹೆದರಿಕೆ ಇಲ್ಲ ಸಿಲ್ವಿ," ಎಂದಳು ಮಾರ್ಸೆಲಾ. "ನಮ್ಮ ದೇಶದಲ್ಲಿ ಅದು ದಿನವೂ ಇದ್ದದ್ದೇ. ನಮಗೆ ಹೆದರಿಕೆ ಆಮೇಲೆ ಬರುವ ಕಡಲಿನದು."

೧೯೬೦ರಲ್ಲಿ ಚಿಲಿಯ ದಕ್ಷಿಣದಲ್ಲಿ ಭಾರೀ ಭೂಕಂಪವಾದಾಗ ಅವಳ ತಾಯಿಗೆ ಹನ್ನೆರಡು ವರ್ಷವಂತೆ. ಕಡಲು ಮೊದಲು ಹಿಂದಕ್ಕೆ ಹೋಗಿ, ಆಮೇಲೆ ಎದ್ದು ಬಂದು ಇಡೀ ಊರನ್ನು ಎಳೆದುಕೊಂಡು ಹೋದದ್ದನ್ನು ಗುಡ್ಡದ ಮೇಲೆ ನಿಂತು ನೋಡಿದ್ದರಂತೆ. ಇದನ್ನು ಹೇಳುತ್ತ ಹೇಳುತ್ತ ಅವಳು ಹೊಟ್ಟೆ ಹಿಡಿದುಕೊಂಡಳು. ಕೈಯಿಟ್ಟು ನೋಡಿದೆ, ಹೊಟ್ಟೆ ಕಲ್ಲಿನಂತೆ ಬಿಗಿದಿತ್ತು. ಒತ್ತಾಯ ಮಾಡಿ ಒಳಗಿನ ಕೋಣೆಯಲ್ಲಿ ಮಲಗಿಸಿ ಹಾಲಿಗೆ ಬಂದೆ.

ಟಿವಿಯಲ್ಲಿ ಚಿಲಿಯ ನಕ್ಷೆ ತೋರಿಸುತ್ತಿದ್ದರು. ಕರಾವಳಿಯ ಊರುಗಳಿಗೆ ಅಲೆ ನುಗ್ಗಿದೆ, ಎಷ್ಟು ಜನ ಸತ್ತಿದ್ದಾರೋ ತಿಳಿದಿಲ್ಲ ಎಂದು ಓದುತ್ತಿದ್ದರು. ನಕ್ಷೆಯಲ್ಲಿ ಗೆರೆ ಎಳೆದು ತೋರಿಸಿದ್ದ ಆ ಕರಾವಳಿಯಲ್ಲೇ ಎಲ್ಲೋ ದಿಚಾತೊ ಇತ್ತು. ನಾನು ಗಡಿಬಿಡಿಯಲ್ಲಿ ಸೌಂಡ್ ಬಂದ್ ಮಾಡಿದೆ.

"ಸಿಲ್ವಿ, ಕಡಲು?" ಒಳಗಿನಿಂದ ಕೇಳಿದಳು.

"ಏನೂ ಇಲ್ಲವಂತೆ. ಅಲೆ ಬಂದಿಲ್ಲ."

"ಟಿವಿಯಲ್ಲಿ ಹೇಳಿದರಾ?"

"ಹೌದು, ಈಗಷ್ಟೇ ಹೇಳಿದರು."

ಅವಳು ದೊಡ್ಡದಾಗಿ ಉಸಿರು ಬಿಟ್ಟದ್ದು ಹಾಲಿನವರೆಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ನಿದ್ದೆ ಹೋದಳು. ನಾನು ಟಿವಿಯ ಹಿಂದಿನ ಕೇಬಲ್ ಕಿತ್ತಿಟ್ಟೆ. ಫೆಲಿಕ್ಸ್‌ಗೆ ಫೋನ್ ಮಾಡಿ ಹೇಳಿದರೆ ಅವರಿಗೆ ಸಿಟ್ಟು ಬಂತು. "ಎಂತ ಮಾರಾಯ್ತಿ ನೀನು? ಅವಳಿಗೆ ಗೊತ್ತಾಗದೆ ಉಂಟಾ?"

"ಅವಳ ಗಂಡ ಬರುವವರೆಗೆ ಗೊತ್ತಾಗದಿದ್ದರೆ ಸಾಕು," ಎಂದೆ.

ಸಂಜೆ ಐದರ ಹೊತ್ತಿಗೆ ರೊಡ್ರಿಗೊ ಬಂದ. ನಾನು ಬಾಗಿಲಲ್ಲೇ ತಡೆದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಮಾರ್ಸೆಲಾ ಎದ್ದು ಬಂದಿದ್ದಳು. ಅವನು ಅವಳನ್ನು ಅಪ್ಪಿಕೊಂಡು ಅಳುತ್ತ ಏನೋ ಹೇಳಿದ. ನನಗೆ ಅರ್ಥವಾದದ್ದು ಮರೆಮೋತೊ ಎಂಬ ಒಂದೇ ಪದ. ಬೆಳಗಿನಿಂದ ಅವಳ ಬಾಯಲ್ಲಿ ಅದನ್ನು ಹತ್ತು ಸಲ ಕೇಳಿದ್ದೆ. ಭೂಕಂಪದ ನಂತರ ಏಳುವ ಅಲೆಗೆ ಅವರ ಹೆಸರು ಅದು.

ಮಾರ್ಸೆಲಾ ಅವನ ಭುಜದ ಮೇಲಿಂದ ನನ್ನನ್ನೇ ನೋಡಿದಳು.

"ನಿನಗೆ ಗೊತ್ತಿತ್ತಾ?"

ನಾನು ತಲೆ ತಗ್ಗಿಸಿದೆ.

"ನಾನು ನಿದ್ದೆ ಮಾಡಿದೆ ಸಿಲ್ವಿ. ಅಮ್ಮ ನೀರಲ್ಲಿರುವಾಗ ನಾನು ನಿನ್ನ ಹಾಸಿಗೆಯಲ್ಲಿ ಮಲಗಿ ನಿದ್ದೆ ಮಾಡಿದೆ!"

ಅಷ್ಟು ಹೇಳಿ ಹೊಟ್ಟೆ ಹಿಡಿದು ಕುಸಿದಳು. ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ನಾನು ಮುಂದಿನ ಸೀಟಿನಲ್ಲಿ ಕೂತು ಜಪಮಣಿ ಎಣಿಸುತ್ತಿದ್ದೆ. ಮಗುವಿಗೇನಾದರೂ ಆದರೆ ನಾನೇ ಕಾರಣ ಎಂಬುದೊಂದೇ ತಲೆಯಲ್ಲಿತ್ತು. ಎರಡು ಗಂಟೆಯ ನಂತರ ಡಾಕ್ಟರ್ ಹೊರಗೆ ಬಂದು, ಮಗುವಿನ ಎದೆಬಡಿತ ಸರಿಯಾಗಿದೆ, ತಾಯಿಗೆ ವಿಶ್ರಾಂತಿ ಬೇಕು ಎಂದರು. ಮಾರ್ಸೆಲಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮರುದಿನ ಅವಳನ್ನು ಮನೆಗೆ ಕಳಿಸಿದರು. ದಿಚಾತೊ ಊರಿನಲ್ಲಿ ಹೆಚ್ಚಿನ ಮನೆಗಳೇ ಉಳಿದಿಲ್ಲ ಎಂಬ ಸುದ್ದಿ ಅಷ್ಟರಲ್ಲಿ ಬಂದಿತ್ತು. ದಿನಕ್ಕೆರಡು ಸಲ ನಾನು ಗಂಜಿಯೋ ಸೂಪೋ ಒಯ್ಯುತ್ತಿದ್ದೆ. ರೊಡ್ರಿಗೊ ಬಾಗಿಲಲ್ಲೇ ಪಾತ್ರೆ ತೆಗೆದುಕೊಂಡು "ಥ್ಯಾಂಕ್ಯೂ" ಅನ್ನುತ್ತಿದ್ದ. ಒಳಗೆ ಕರೆಯುತ್ತಿರಲಿಲ್ಲ. ಕ್ಲಿನಿಕ್ಕಿನಲ್ಲಿ ಕೂತರೂ ನನ್ನ ಕಿವಿಯಲ್ಲಿ ಅವಳು ಅಂದ ಮಾತೇ ಇರುತ್ತಿತ್ತು.

ಮಂಗಳವಾರ ಸಂಜೆ ಅದೇ ಬಾಗಿಲಲ್ಲಿ ಪಾತ್ರೆ ಕೊಡುತ್ತಿದ್ದಾಗ ಒಳಗೆ ಫೋನ್ ಹೊಡೆದುಕೊಂಡಿತು. ಮಾರ್ಸೆಲಾ ಎತ್ತಿದಳು. ಮರುಕ್ಷಣವೇ "ಮಮಾ" ಎಂದು ಚೀರಿದಳು. ರೊಡ್ರಿಗೊ ಕೈಯಲ್ಲಿದ್ದ ಪಾತ್ರೆ ಬಿಟ್ಟು ಒಳಗೆ ಓಡಿದ. ನೆಲದ ತುಂಬ ಗಂಜಿ. ನಾನು ಅದನ್ನು ಒರೆಸುತ್ತ ಅಲ್ಲೇ ಕೂತು ಅತ್ತೆ.

ಮಾತು ಮುಗಿದ ಮೇಲೆ ಮಾರ್ಸೆಲಾ ತಾನೇ ಬಂದು ನನ್ನ ಕೈಯಿಂದ ಬಟ್ಟೆ ಕಸಿದುಕೊಂಡು ಒಳಗೆ ಕರೆದೊಯ್ದಳು. ಯಾರೋ ಸೈನಿಕನ ಫೋನಿನಿಂದ ಅವಳ ತಾಯಿ ಮಾತಾಡಿದ್ದರು. ನೆಲ ನಡುಗಿದ ಕೂಡಲೇ ಅವರು ರಾತ್ರಿಯ ಉಡುಪಿನಲ್ಲೇ ಪಕ್ಕದ ಮನೆಯವರನ್ನು ಎಬ್ಬಿಸಿ ಗುಡ್ಡ ಹತ್ತಿದ್ದರು. ಸ್ವಲ್ಪ ಹೊತ್ತಿಗೆ ರೇಡಿಯೋದಲ್ಲಿ, ಅಲೆಯ ಅಪಾಯವಿಲ್ಲ ಎಂದು ಹೇಳಿದರಂತೆ. ಕೆಲವರು ಕೆಳಗಿಳಿದರು. ಇವರು ಮಾತ್ರ ಪಕ್ಕದ ಮನೆಯಾಕೆಯ ಕೈ ಬಿಗಿಯಾಗಿ ಹಿಡಿದು ಕೂತುಬಿಟ್ಟರು. ಇಳಿದವರಲ್ಲಿ ಇಬ್ಬರು ಮರಳಲಿಲ್ಲ. ಮನೆ ಹೋಗಿತ್ತು.

"ಅಲ್ಲಿಯೂ ಯಾರೋ ನಿನ್ನ ಹಾಗೆಯೇ ಹೇಳಿದ್ದಾರೆ ಸಿಲ್ವಿ," ಎಂದಳು ಮಾರ್ಸೆಲಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಜನ ಹೆದರಬಾರದು ಅಂತಲೇ ಹೇಳಿರಬಹುದು."

ನಾನು ಕ್ಷಮೆ ಕೇಳಿದೆ. ಅವಳು ನನ್ನ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಮೇ ತಿಂಗಳಲ್ಲಿ ಹೆಣ್ಣು ಮಗು ಹುಟ್ಟಿತು. ಮರುವರ್ಷ ಅವರು ಚಿಲಿಗೆ ಮರಳಿದರು.

ಆಮೇಲೆ ಮೂರು ವರ್ಷ ಕಳೆದಿತ್ತು. ಒಂದು ಬೆಳಿಗ್ಗೆ ಫೆಲಿಕ್ಸ್ ಅವರ ಊರು ಶಿರ್ವದಿಂದ ನಾದಿನಿ ಫೋನ್ ಮಾಡಿದಳು. "ಅತ್ತಿಗೆ, ದೊಡ್ಡಣ್ಣ ಹೋದ. ಫೆಲಿಕ್ಸಣ್ಣನಿಗೆ ಈಗ ಹೇಳ್ಬೇಡಿ. ಐಸಿಯುನಲ್ಲಿದ್ದಾನೆ, ಬೇಗ ಬನ್ನಿ ಅಂತ ಮಾತ್ರ ಹೇಳಿ, ಆಯ್ತಾ?"

ಗಲ್ಫಿನಲ್ಲಿರುವ ನಮಗೆಲ್ಲ ಸಾವಿನ ಸುದ್ದಿ ಬರುವುದೇ ಹೀಗೆ. ಊರು ಮುಟ್ಟಿ, ಅಂಗಳದಲ್ಲಿ ಸೇರಿದ ಜನರನ್ನು ಕಂಡ ಮೇಲೆಯೇ ನಿಜ ಗೊತ್ತಾಗುವುದು. ನಾನು ಫೋನಿಟ್ಟು, ಶೂ ಹಾಕಿಕೊಳ್ಳುತ್ತಿದ್ದ ಫೆಲಿಕ್ಸ್ ಪಕ್ಕದಲ್ಲಿ ಕೂತೆ. "ದೊಡ್ಡಣ್ಣ ತೀರಿಕೊಂಡರು," ಎಂದೆ.

ಮಂಗಳೂರಿಗೆ ಹೋಗುವ ವಿಮಾನದಲ್ಲಿ ಅವರು ನನ್ನ ಕೈ ಹಿಡಿದುಕೊಂಡು ದಾರಿಯುದ್ದಕ್ಕೂ ಅತ್ತರು. ಮನೆ ಸೇರಿದಾಗ ಅವರ ಕಣ್ಣು ಒಣಗಿತ್ತು. ನೇರ ಹೋಗಿ ದೊಡ್ಡಣ್ಣನ ಇಬ್ಬರು ಮಕ್ಕಳನ್ನೂ ಎದೆಗೆ ಅಪ್ಪಿಕೊಂಡು ನಿಂತರು.