ಲೇತಿನ ಮುಂದೆ ತಾಳಿ

ನಾನು ಮೊದಲಿನಿಂದಲೂ ಪುಕ್ಕಲಿ. ಕುಕ್ಕರ್ ಕೂಗಿದರೆ ಅಡುಗೆಮನೆಯಿಂದ ಆಚೆ ಓಡುತ್ತಿದ್ದವಳು ನಾನು. ಅಂಥವಳು ಕಲಾ ಪದವಿಯಲ್ಲಿ ಕರಕುಶಲ ವಿಭಾಗ ಸೇರಿ, ಅದರಲ್ಲೂ ಮರ ತಿರುಗಿಸಿ ಕಡೆಯುವ ಲೇತನ್ನೇ ಆರಿಸಿಕೊಂಡದ್ದು ಯಾವ ಧೈರ್ಯದ ಮೇಲೆ ಅಂತ ಈಗಲೂ ಗೊತ್ತಿಲ್ಲ. ಬಣ್ಣದ ಆಸೆ ಇರಬೇಕು. ಗಿರ್ರನೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅದರ ಮೇಲೆ ಒಣಗಿದ ತಾಳೆಗರಿ ಹಿಡಿದು ತಿಕ್ಕಿದರೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಅದನ್ನು ಒಂದು ಸಲ ನೋಡಿದ ಮೇಲೆ ನನಗೆ ಕ್ಯಾನ್ವಾಸು ಸಪ್ಪೆ ಅನ್ನಿಸಿಬಿಟ್ಟಿತು.

ಕಾಲೇಜು ಇದ್ದದ್ದು ಬೆಂಗಳೂರಿನಲ್ಲಿ. ಕೊನೆಯ ಸೆಮಿಸ್ಟರ್ ಮಾತ್ರ ಚನ್ನಪಟ್ಟಣದ ಒಂದು ಬೊಂಬೆ ಶೆಡ್ಡಿನಲ್ಲಿ ಕೆಲಸ ಕಲಿತು, ಅಲ್ಲಿಯೇ ಪರೀಕ್ಷಕರ ಎದುರಿಗೆ ಒಂದು ಕುಂಕುಮದ ಡಬ್ಬಿ ಕಡೆದು ತೋರಿಸಬೇಕಿತ್ತು. ಅದು ಆಗದಿದ್ದರೆ ಪದವಿ ಇಲ್ಲ.

ಅದೇ ವರ್ಷ ನನ್ನ ಮದುವೆಯಾಯಿತು. ಗಂಡನ ಮನೆ ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಹತ್ತಿರದ ಹಳ್ಳಿಯಲ್ಲಿ. ಅವರು ಬಿಡದಿಯ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಮೆಷಿನ್ನಿನ ಮುಂದೆ ನಿಂತು ಕೆಲಸ ಮಾಡುವವರು. ಮನೆಯಲ್ಲಿ ಅತ್ತೆ. ಮಾವ ಪಂಪ್‌ಸೆಟ್ಟಿನ ಕರೆಂಟ್ ಹೊಡೆದು ತೀರಿಹೋಗಿ ಬಹಳ ವರ್ಷವಾಗಿತ್ತು. ವರ್ಷ ತುಂಬುವ ತನಕ ತಾಳಿ ಅರಿಶಿನದ ದಾರದಲ್ಲೇ ಇರಬೇಕು, ಆಮೇಲೆ ಚಿನ್ನದ ಸರ ಅನ್ನುವುದು ಆ ಮನೆಯ ಪದ್ಧತಿ. ತೆಗೆಯುವ ಮಾತಂತೂ ಇಲ್ಲವೇ ಇಲ್ಲ. ದಾರ ಹಳತಾಗಿ ಬದಲಾಯಿಸುವಾಗಲೂ ಹೊಸದನ್ನು ಕಟ್ಟಿಕೊಂಡ ಮೇಲೆಯೇ ಹಳೆಯದನ್ನು ಬಿಚ್ಚಬೇಕು. ಕತ್ತು ಒಂದು ಗಳಿಗೆಯೂ ಬರಿದಾಗಬಾರದು.

ಶೆಡ್ಡಿಗೆ ಹೋದ ಮೊದಲ ದಿನವೇ ನಮ್ಮ ಕಾಲೇಜಿನ ಮೇಡಂ ನನ್ನ ಜಡೆ ಸುತ್ತಿ ಕಟ್ಟಿಸಿದರು. ಆಮೇಲೆ ಕತ್ತಿನ ಕಡೆ ನೋಡಿದರು.

"ಇದನ್ನೂ ತೆಗೀಬೇಕಮ್ಮ. ಸರ ಆದ್ರೆ ಸಿಕ್ಕಿಕೊಂಡ ತಕ್ಷಣ ಕಿತ್ತುಹೋಗುತ್ತೆ. ಈ ದಾರ ಕಿತ್ತುಹೋಗಲ್ಲ. ನಿನ್ನನ್ನೇ ಎಳ್ಕೊಳ್ಳುತ್ತೆ."

"ರವಿಕೆ ಒಳಗೆ ಹಾಕ್ಕೋತೀನಿ ಮೇಡಂ, ಮೇಲೆ ಏಪ್ರನ್ ಬಿಗಿಯಾಗಿ ಕಟ್ಕೋತೀನಿ."

"ಪರೀಕ್ಷಕರು ಅದಕ್ಕೆಲ್ಲ ಒಪ್ಪಲ್ಲ. ಅಷ್ಟರೊಳಗೆ ಮನೇಲಿ ಮಾತಾಡು" ಅಂದರು.

ಮಾತಾಡುವುದೇ? ಗಂಡನನ್ನು ಕೇಳಿದರೆ ಅವರು ಅನ್ನ ಕಲೆಸುತ್ತಾ "ಅವ್ವನ್ನ ಕೇಳು" ಅಂದರು. ಅವ್ವನನ್ನು ಕೇಳುವ ಧೈರ್ಯ ಇದ್ದಿದ್ದರೆ ಅವರನ್ನೇಕೆ ಕೇಳುತ್ತಿದ್ದೆ! ಅತ್ತೆಯ ವಿಷಯ ಹಾಗಿರಲಿ, ನನಗೇ ಭಯವಿತ್ತು. ಓದಿದವಳು, ಇದನ್ನೆಲ್ಲ ನಂಬುವುದಿಲ್ಲ ಅಂತ ಗೆಳತಿಯರ ಮುಂದೆ ಜಂಬ ಕೊಚ್ಚಿದ್ದೆ. ಆದರೆ ನಾನು ಇಲ್ಲಿ ತಾಳಿ ತೆಗೆದಿಟ್ಟ ಹೊತ್ತಿಗೇ ಅಲ್ಲಿ ಬಿಡದಿಯಲ್ಲಿ ಅವರ ಕೈ ಮೆಷಿನ್ನಿನ ಒಳಗಿದ್ದರೆ ಅಂತ ನೆನೆದು ರವಿಕೆಯ ಮೇಲಿನಿಂದಲೇ ತಾಳಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ತೆಗೆದರೆ ಅವರ ಜೀವದ ಭಯ, ತೆಗೆಯದಿದ್ದರೆ ನನ್ನ ಕತ್ತಿನ ಭಯ. ದಿನಾ ಬೆಳಿಗ್ಗೆ ಲೇತಿನ ಸ್ವಿಚ್ ಹಾಕುವ ಮುಂಚೆ ಏಪ್ರನ್ನಿನ ಗಂಟನ್ನು ಎರಡೆರಡು ಸಲ ಬಿಗಿದುಕೊಳ್ಳುತ್ತಿದ್ದೆ.

ಪರೀಕ್ಷೆಗೆ ಇನ್ನೇನು ಒಂದು ವಾರವಿದೆ ಅನ್ನುವಾಗ ಅದು ಆಯಿತು. ಡಬ್ಬಿಯ ಮುಚ್ಚಳಕ್ಕೆ ಕೆಂಪು ಅರಗು ಕೊಡುತ್ತಿದ್ದೆ. ಅಂಚು ಸರಿಯಾಗಿ ಕಾಣಲಿಲ್ಲವೆಂದು ಬಗ್ಗಿದೆ. ದಾರ ಯಾವಾಗ ಆಚೆ ಜಾರಿತೋ ಗೊತ್ತಿಲ್ಲ. ಕತ್ತಿನ ಹಿಂಭಾಗ ಚುರ್ ಅಂದಿತು. ತಲೆ ತಾನಾಗಿಯೇ ಮುಂದಕ್ಕೆ ಹೋಯಿತು. ಪಕ್ಕದ ಲೇತಿನಲ್ಲಿದ್ದ ಹೆಂಗಸು ಕಿರುಚಿ ಸ್ವಿಚ್ ಆರಿಸದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ದಾರ ಸುತ್ತಿಕೊಂಡಿರಲಿಲ್ಲ, ತಿರುಗುವ ಮರಕ್ಕೆ ಒಂದು ಸಲ ಸಿಕ್ಕಿ ಬಿಟ್ಟಿತ್ತು, ಅಷ್ಟೆ. ಕೆಂಪು ಮುಚ್ಚಳದ ಸುತ್ತ ಅರಿಶಿನದ ಒಂದು ಗೆರೆ ಬಿದ್ದಿತ್ತು. ಅದನ್ನು ನೋಡಿ ಮರದ ಹೊಟ್ಟಿನ ಮೇಲೆಯೇ ಕೂತುಬಿಟ್ಟೆ.

ಮನೆಗೆ ಹೋದಾಗ ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅವರ ಕಣ್ಣು ಸೀದಾ ನನ್ನ ಕತ್ತಿಗೆ ಬಿತ್ತು.

"ದಾರ ಯಾಕವ್ವ ಹಿಂಗೆ ಜುಂಗು ಎದ್ದೈತೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಳುತ್ತಾ ಎಲ್ಲ ಹೇಳಿದೆ. ಲೇತು, ಮೇಡಂ, ಪರೀಕ್ಷೆ, ಹಳದಿ ಗೆರೆ. ಅತ್ತೆ ನನ್ನ ಕತ್ತಿನ ಹಿಂದೆ ಬರೆ ಬಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಎದ್ದು ಕೊಬ್ಬರಿ ಎಣ್ಣೆ ತಂದು ಹಚ್ಚಿ ಮತ್ತೆ ಅವರೆಕಾಯಿ ಮುಂದೆ ಕೂತರು. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು.

ಅವತ್ತು ಸಂಜೆ ಕಾರ್ಖಾನೆಯ ಬಸ್ಸು ಬರುವ ಹೊತ್ತಿಗೆ ಬರಲಿಲ್ಲ. ಅತ್ತೆಯೂ ನಾನೂ ಬಾಗಿಲಲ್ಲೇ ನಿಂತಿದ್ದೆವು. ನನ್ನ ಕೈ ಆ ಜುಂಗಿನ ಮೇಲೇ ಇತ್ತು. ದೇವರೇ, ದಾರ ಕಿತ್ತಿಲ್ಲ, ಬರೀ ಸವೆದಿದೆ ಅಂತ ಮನಸ್ಸಿನಲ್ಲೇ ವಾದ ಮಾಡುತ್ತಿದ್ದೆ. ಕೊನೆಗೆ ಗಂಡ ಬ್ಯಾಗು ತೂಗಾಡಿಸಿಕೊಂಡು ಬಂದು "ರಾಮನಗರದ ಹತ್ರ ಟೈರ್ ಪಂಚರ್ ಆಯ್ತು" ಅಂದರು. ನನಗೆ ಅವರನ್ನು ಹೊಡೆಯುವಷ್ಟು ಸಿಟ್ಟು ಬಂತು.

ಪರೀಕ್ಷೆಯ ದಿನ ಅತ್ತೆ ಒಳ್ಳೆ ಸೀರೆ ಉಟ್ಟು "ನಾನೂ ಬತ್ತೀನಿ" ಅಂದರು. ಯಾಕೆ ಅಂತ ಕೇಳಲು ಹೆದರಿ ಸುಮ್ಮನೆ ಬಸ್ಸು ಹತ್ತಿದೆ. ಕಾವಲಿಗೆ ಬರುತ್ತಿದ್ದಾರೆ, ಪರೀಕ್ಷಕರು ತೆಗಿ ಅಂದರೆ ಅಲ್ಲೇ ಜಗಳ ತೆಗೆದು ನನ್ನನ್ನು ಎಳೆದುಕೊಂಡು ಹೋಗುತ್ತಾರೆ ಅಂದುಕೊಂಡೆ. ಪದವಿಯ ಆಸೆಯನ್ನು ದಾರಿಯಲ್ಲೇ ಬಿಟ್ಟಿದ್ದೆ.

ಶೆಡ್ಡಿನ ಬಾಗಿಲಲ್ಲಿ ಅವರು ನನ್ನ ತೋಳು ಹಿಡಿದು ನಿಲ್ಲಿಸಿ, ಇನ್ನೊಂದು ಕೈ ಚಾಚಿದರು.

"ತಗದು ಇಲ್ಲಿ ಕೊಡು. ನಾನು ಇಟ್ಕಂಡಿರ್ತೀನಿ."

ಗಂಡ ಸತ್ತ ಹೆಂಗಸು ಹೊಸ ಮದುವಣಗಿತ್ತಿಯ ತಾಳಿ ಮುಟ್ಟುವುದುಂಟೇ? ನನ್ನ ಮದುವೆಯ ಧಾರೆಯ ಹೊತ್ತಿನಲ್ಲಿ ಅವರೇ ಮಂಟಪದಿಂದ ದೂರ ಕಂಬದ ಹಿಂದೆ ನಿಂತಿದ್ದರು.

"ಅತ್ತೆ, ಅವರಿಗೇನಾದ್ರೂ ಆಗ್ಬುಟ್ರೆ?"

"ನಾನು ಒಂದು ದಿನಾನೂ ತಗ್ದಿರ್ನಿಲ್ಲ ಕಣವ್ವ" ಅಂದರು. "ನಿಮ್ಮಾವ ಉಳ್ಕಂಡ್ರಾ?"

ನಾನು ದಾರವನ್ನು ತಲೆಯ ಮೇಲಿನಿಂದ ತೆಗೆದು ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡರು. ಮುಷ್ಟಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಿಡದಿಯ ದಾರಿಯ ಕಡೆ ಮುಖ ಮಾಡಿ ನಿಂತರು. ನಾನು ಒಳಗೆ ಹೋಗಿ ಲೇತಿನ ಸ್ವಿಚ್ ಹಾಕಿದೆ.